ನೂಲಿಲ್ಲದೆ ಓಡಿದ ಮಗ್ಗ

ವೆಳ್ಳಕೋಯಿಲ್ ಊರಿನಲ್ಲಿ ನನ್ನ ತಮ್ಮ ನಡೆಸುವ ಮಗ್ಗದ ಮನೆಯಲ್ಲಿ ಅಂದು ಇದ್ದವರು ನಾನು, ಅವನು, ಅವನ ಹೆಂಡತಿ. ವಿದ್ಯುತ್ ಮಗ್ಗಗಳೆಲ್ಲ ದಡದಡ ಓಡುತ್ತಿದ್ದವು, ಆದರೆ ಯಾವುದರಲ್ಲೂ ಒಂದೆಳೆ ನೂಲಿರಲಿಲ್ಲ.

“ಏನ್ ನೇಯ್ತಿದೀಯೋ ತಂಬಿ, ಗಾಳೀನಾ?” ಎಂದೆ.

“ಆರ್ಡರ್ ಇಲ್ಲಕ್ಕಾ. ಸದ್ದು ನಿಂತ್ರೆ ಬೀದಿಯೋರು ಮುಚ್ಬಿಟ್ಟ ಅಂತಾರಲ್ಲ!” ಎಂದ. ಅವನು ನೆಟ್ಟಗೆ ಉಂಡು ಮಲಗಿ ತಿಂಗಳುಗಳಾದವೆಂದು ಹೆಂಡತಿ ಕಣ್ಣೊರೆಸಿಕೊಂಡಳು.

ಬೈದು, ಬೇಡಿ, ಕೊಯಮತ್ತೂರಿನ ಮನೋವೈದ್ಯರ ಬಳಿ ಕರೆದೊಯ್ದೆ. ಅಲ್ಲಿನ ಬೆಂಚಿನ ಮೇಲೆ ತಮ್ಮನ ಬೀದಿಯದೇ ಇನ್ನೊಬ್ಬ ಮಗ್ಗದ ಮಾಲೀಕರು ತಲೆತಗ್ಗಿಸಿ ಕುಳಿತಿದ್ದರು. ತಮ್ಮ ಅವರನ್ನು ಕಂಡ, ಅವರೂ ಇವನನ್ನು ಕಂಡರು. ಇಬ್ಬರೂ ಮುಖ ತಿರುಗಿಸಿದರು.

ಪಕ್ಕಪಕ್ಕ ಬದುಕಿಯೂ ಅವರಿಬ್ಬರಿಗೆ ಒಂದು ಮಾತು ಆಡಲಾಗಲಿಲ್ಲವಲ್ಲ ಎಂಬ ಕೊರಗು ನನಗಿನ್ನೂ ಹೋಗಿಲ್ಲ. ಅಂದು ಸಂಜೆ ಅವರಿಬ್ಬರೂ ಬೇರೆ ಬೇರೆ ಬಸ್ಸು ಹಿಡಿದು ಊರಿಗೆ ಮರಳಿದರು.