ವಾಲ್ವಕ್ಕನ ಕರಿ ಫ್ರೇಮು

ಮೂರು ವಾರದಿಂದ ಆ ಸದ್ದು ವಾಲ್ವಕ್ಕನ ಪ್ರಾಣ ತಿನ್ನುತ್ತಿತ್ತು. ಟಿಕ್. ಗುಡ್ಡ ಹತ್ತುವಾಗ ಪೆಡಲ್ ಒತ್ತಿದರೆ ಟಿಕ್, ಇಳಿಯುವಾಗ ಚಕ್ರ ಬಂಡೆಯಿಂದ ಧುಮುಕಿದರೆ ಟಿಕ್. ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ, ದೊಡ್ಡದೇನಲ್ಲ, ಆದರೆ ಬೇರೆ ಯಾವುದರ ಮೇಲೂ ಮನಸ್ಸು ನಿಲ್ಲಲು ಬಿಡದು.

ವಾಲ್ವಕ್ಕ ಎಂಬುದು ಊರಿನವರು ಇಟ್ಟ ಹೆಸರು. ನೀರು ಸರಬರಾಜು ಕಚೇರಿಯಲ್ಲಿ ಅವಳ ಹುದ್ದೆಗೆ ಉದ್ದನೆಯ ಹೆಸರೊಂದಿದೆ, ಅದು ಗುರುತಿನ ಚೀಟಿಯಿಂದ ಕೆಳಗಿಳಿದದ್ದೇ ಇಲ್ಲ. ಬೆಳಿಗ್ಗೆ ಆರಕ್ಕೆ ಗುಡ್ಡದ ತುದಿಯ ಟ್ಯಾಂಕಿನ ವಾಲ್ವ್ ತೆರೆಯಬೇಕು. ಇಪ್ಪತ್ತು ನಿಮಿಷದೊಳಗೆ ಬುಡಕ್ಕೆ ಬಂದು ಇನ್ನೊಂದು ವಾಲ್ವ್ ತಿರುಗಿಸಬೇಕು. ತಡವಾದರೆ ನೀರೆಲ್ಲ ತಗ್ಗಿನ ಬೀದಿಗಳಿಗೇ ಹರಿದು, ಆಚೆ ದಿಬ್ಬದ ಮನೆಗಳ ನಲ್ಲಿಗಳು ಬರೀ ಗಾಳಿ ಉಗುಳುತ್ತವೆ. ಆಗ ಫೋನುಗಳು ಶುರು. "ವಾಲ್ವಕ್ಕಾ, ನಿದ್ದೆ ಹೋದ್ಯಾ?"

ರಸ್ತೆಯಲ್ಲಿ ಸುತ್ತಿಕೊಂಡು ಬಂದರೆ ಮುಕ್ಕಾಲು ಗಂಟೆ. ಪೈಪ್ ಸಾಲಿನ ಪಕ್ಕದ ಕಾಲುದಾರಿಯಲ್ಲಿ, ಬಂಡೆ, ಬೇರು, ಮೂರು ಕಡೆ ಮುರುಕು ಮೆಟ್ಟಿಲು ದಾಟಿ ಸೈಕಲ್ಲಿನಲ್ಲಿ ಇಳಿದರೆ ಹನ್ನೊಂದು ನಿಮಿಷ. ಅವಳಿಗಿಂತ ಮುಂಚೆ ಈ ಕೆಲಸಕ್ಕೆ ಇಬ್ಬರಿದ್ದರು, ಮೇಲೊಬ್ಬ, ಕೆಳಗೊಬ್ಬ. ಮೇಲಧಿಕಾರಿ ಅವಳನ್ನು ಕಂಡಾಗಲೆಲ್ಲ, "ಸಾಕಾದ್ರೆ ಹೇಳಮ್ಮ, ಕೌಂಟರಿನಲ್ಲಿ ಕೂರಿಸ್ತೀನಿ. ಗುಡ್ಡಕ್ಕೆ ಇಬ್ಬರು ಗಂಡಸರನ್ನ ಹಾಕಿದ್ರಾಯ್ತು" ಎನ್ನುತ್ತಿದ್ದರು. ಕೌಂಟರಿನ ಕಿಂಡಿಯ ಹಿಂದೆ ಕೂತು ಜನರ ಬಾಯಿ ನೋಡುತ್ತ ನಿವೃತ್ತಿಗೆ ಉಳಿದ ಹದಿನೇಳು ವರ್ಷ ಕಳೆಯುವುದನ್ನು ನೆನೆದರೇ ಅವಳಿಗೆ ಉಸಿರು ಕಟ್ಟುತ್ತಿತ್ತು. ಗುಡ್ಡ ಅವಳದಾಗಿ ಉಳಿದದ್ದು ಆ ಸೈಕಲ್ಲಿನಿಂದ. ಸೈಕಲ್ಲು ಅಂದರೆ ಆ ಕರಿ ಫ್ರೇಮಿನಿಂದ.

ಒಂಬತ್ತು ವರ್ಷದ ಹಿಂದೆ ಅದು ರಟ್ಟಿನ ಪೆಟ್ಟಿಗೆಯಲ್ಲಿ ಬಂದಿತ್ತು. ಕಾರ್ಬನ್ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಗಟ್ಟಿ ಮಾಡಿ ತಯಾರಿಸುವ ಫ್ರೇಮುಗಳಲ್ಲೇ ಅಗ್ಗದ್ದು. ಮುಂದೆ ಮಾತ್ರ ಸ್ಪ್ರಿಂಗ್ ಫೋರ್ಕ್ ಹಾಕಲು ಜಾಗ, ಹಿಂದೆ ಏನಿದ್ದರೂ ಸವಾರನ ಸೊಂಟವೇ ಸ್ಪ್ರಿಂಗು. ಪಂಪ್ ರಿಪೇರಿ ವರ್ಕ್‌ಶಾಪಿನಲ್ಲಿ ಹಿರಿಯ ಫಿಟ್ಟರ್ ಆಗಿದ್ದ ಅವಳ ಅಣ್ಣ ಅದನ್ನು ಎರಡು ಬೆರಳಿನಲ್ಲಿ ಎತ್ತಿ ತೂಗಿ ನೋಡಿ, "ಏನೇ ಇದು, ಪ್ಲಾಸ್ಟಿಕ್ ಬಕೆಟ್ ಕರಗಿಸಿ ಮಾಡಿದಾರಾ?" ಎಂದು ನಕ್ಕಿದ್ದ. ಆ ನಗೆ ಅವಳಿಗೆ ಹಿಡಿಸಲಿಲ್ಲ. ಅವನ ಕೈ ಸೋಕಿಸದೆ, ಜೊತೆಗೆ ಬಂದ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು, ಹಳೆ ಕಬ್ಬಿಣದ ಸೈಕಲ್ಲಿನ ಚಕ್ರ, ಬ್ರೇಕು, ಪೆಡಲುಗಳನ್ನೆಲ್ಲ ಬಿಚ್ಚಿ ಇದಕ್ಕೆ ತಾನೇ ಜೋಡಿಸಿದಳು. ನಾಲ್ಕು ಭಾನುವಾರ ಹಿಡಿಯಿತು. ಬಿಗಿತ ಅಳೆಯುವ ಸ್ಪ್ಯಾನರೊಂದನ್ನು ಅದಕ್ಕಾಗಿಯೇ ಕೊಂಡಳು. ಹೇಳಿದಷ್ಟು ಬಿಗಿಯಾದ ಕೂಡಲೇ ಅದು ಕ್ಲಿಕ್ ಅನ್ನುತ್ತದೆ, ಅಲ್ಲಿಗೆ ಕೈ ನಿಲ್ಲಿಸಬೇಕು. ಅಣ್ಣ ಅದಕ್ಕೂ ನಕ್ಕ. "ಮೂವತ್ತು ವರ್ಷದಿಂದ ನಮಗೆಲ್ಲ ಕೈಯೇ ಹೇಳತ್ತೆ ಕಣೇ, ಸ್ಪ್ಯಾನರ್ ಯಾಕೆ ಹೇಳ್ಬೇಕು?"

ಆಮೇಲೆ ಆ ಫ್ರೇಮಿನ ಮೇಲೆ ಎಲ್ಲ ಬದಲಾಯಿತು. ಚೈನು ಹನ್ನೊಂದು ಸಲ, ಪೆಡಲಿನ ಬೇರಿಂಗು ಐದು ಸಲ, ಚಕ್ರ ಎರಡು ಜೊತೆ, ಫೋರ್ಕ್ ಒಂದು. ಕಂಪನಿಯ ಹೆಸರು ಅಕ್ಷರ ಅಕ್ಷರವಾಗಿ ಉದುರಿತು. ಕಲ್ಲು ಸಿಡಿಯುವ ಕೆಳಭಾಗಕ್ಕೆ ಹಳೆ ಟಯರಿನ ತುಂಡು ಕಟ್ಟಿದಳು. ಫ್ರೇಮು ಮಾತ್ರ ಅದೇ. ನಾಲ್ಕನೇ ವರ್ಷ ಅಣ್ಣನ ಸ್ಕೂಟರಿನ ಚಾಸಿಯೇ ತುಕ್ಕು ಹಿಡಿದು ಎರಡಾಯಿತು. ಅವತ್ತು ಅವಳು ಊಟಕ್ಕೆ ಕೂತಾಗ, "ಬಕೆಟ್ ಇನ್ನೂ ಗಟ್ಟಿಯಾಗಿದೆ, ಅಣ್ಣಾ" ಎಂದಿದ್ದಳು. ಅತ್ತಿಗೆಗೆ ನಗು ತಡೆಯಲಾರದೆ ನೀರು ನೆತ್ತಿಗೇರಿತ್ತು.

ಈಗ ಈ ಟಿಕ್.

ಮೊದಲ ವಾರ ಪೆಡಲುಗಳನ್ನು ಬಿಚ್ಚಿ ಹಾಕಿದಳು. ಹೋಗಲಿಲ್ಲ. ಎರಡನೇ ವಾರ ಬೇರಿಂಗ್ ಬದಲಿಸಿದಳು. ಹೋಗಲಿಲ್ಲ. ಸೈಕಲ್ ಅಂಗಡಿಯವನ ಹತ್ತಿರ ಒಯ್ದರೆ ಅವನು ಸೈಕಲ್ಲನ್ನು ಮುಟ್ಟದೆ, ಅವಳ ಮುಖ ನೋಡಿ, "ಒಂಬತ್ತು ವರ್ಷವಾ? ಇನ್ನೂ ಯಾಕೆ ಓಡಿಸ್ತಿದೀರಿ?" ಎಂದ.

"ಓಡ್ತಿದೆ, ಅದಕ್ಕೆ."

"ಮೇಡಂ, ಇದರದ್ದು ಕಾಲ ಮುಗೀತು. ಹೊಸ ಮಾಡೆಲ್ ನೋಡಿ, ಬಣ್ಣ ಚೆನ್ನಾಗಿದೆ."

"ಸದ್ದು ಎಲ್ಲಿಂದ ಅಂತ ಕೇಳಿದೆ. ಬಣ್ಣ ಯಾವುದು ಅಂತ ಕೇಳಲಿಲ್ಲ."

ಸೈಕಲ್ ತಿರುಗಿಸಿಕೊಂಡು ಬರುವಾಗ ಬೀದಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು. ಮನೆಯ ಮೆಟ್ಟಿಲ ಕೆಳಗಿನ ಜಾಗದಲ್ಲಿ, ಒಂಬತ್ತು ವರ್ಷದಿಂದ ಸೈಕಲ್ಲು ನಿಲ್ಲುವ ಅದೇ ಜಾಗದಲ್ಲಿ, ಅದನ್ನು ಗೋಡೆಗೆ ಒರಗಿಸಿ ಕೂತಳು. ಇನ್ನು ಬಿಚ್ಚದೆ ಉಳಿದದ್ದು ಸೀಟಿನ ಪೈಪು ಒಂದೇ. ಅದನ್ನು ವರ್ಷಕ್ಕೊಮ್ಮೆ ಮಾತ್ರ ತೆಗೆಯುತ್ತಿದ್ದಳು.

ಆ ಪೈಪನ್ನು ಫ್ರೇಮಿಗೆ ಬಿಗಿದು ಹಿಡಿಯುವ ಕ್ಲ್ಯಾಂಪಿನ ಬೋಲ್ಟು ಅಲುಗಲಿಲ್ಲ. ಅವಳು ಬಿಗಿ ಮಾಡಿದ ಬೋಲ್ಟು ಇಷ್ಟು ಮೊಂಡು ಹಿಡಿಯುವುದಿಲ್ಲ. ಬೋಲ್ಟು ತಿರುಗಿಸುವ ಕೀಲಿಗೆ ಗೇಣುದ್ದದ ಪೈಪು ತೂರಿಸಿ ಭಾರ ಬಿಟ್ಟಾಗ ಕಿರ್ರೆಂದು ಸಡಿಲಾಯಿತು. ಸೀಟು ಎಳೆದಳು. ಜಾರಿಕೊಂಡು ಬಂತು, ಬೆಣ್ಣೆಯಿಂದ ಚಾಕು ಬಂದ ಹಾಗೆ. ಪೈಪಿನ ತುಂಬ ಗ್ರೀಸು.

ಅವಳು ಅಲ್ಲಿ ಎಂದೂ ಗ್ರೀಸ್ ಹಚ್ಚಿದವಳಲ್ಲ. ಕಾರ್ಬನ್ನಿಗೆ ಗ್ರೀಸ್ ಬೇಡ, ಹಿಡಿತ ಬರಲು ಮರಳಿನಂಥ ಪೇಸ್ಟು ಹಚ್ಚಬೇಕು. ಗೋಡೆಯ ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ ಬರೆದದ್ದೇ ಅದು. ಗ್ರೀಸನ್ನು ಮೂಗಿನ ಹತ್ತಿರ ಹಿಡಿದಳು. ಪಂಪಿನ ಬೇರಿಂಗಿಗೆ ತುಂಬುವ ನೀಲಿ ಗ್ರೀಸು. ಅಣ್ಣನ ಅಂಗಿ ಒಗೆಯುವಾಗ ಅತ್ತಿಗೆ ಬೈದುಕೊಳ್ಳುವುದು ಇದೇ ವಾಸನೆಗೆ.

ಕ್ಲ್ಯಾಂಪು ಸರಿಸಿದಳು. ಅದರಡಿ ಫ್ರೇಮಿನ ಕರಿಗಿಂತ ಒಂದಿಷ್ಟು ಹೆಚ್ಚು ಹೊಳೆಯುವ ಕರಿ, ಕುಂಚದ ಗೆರೆ ಎದ್ದು ಕಾಣುತ್ತಿತ್ತು. ಉಗುರಿನಿಂದ ಕೆರೆದಳು. ಬಣ್ಣ ಹಕ್ಕಳೆ ಎದ್ದಿತು. ಕೆಳಗೆ ಬಿರುಕು. ಹೆಬ್ಬೆರಳಿನಷ್ಟು ಉದ್ದ, ಕೂದಲೆಳೆಯಷ್ಟು ಸಪೂರ.

ಎರಡು ತಿಂಗಳ ಹಿಂದೆ ಅವಳು ತರಬೇತಿಗೆಂದು ಒಂದು ವಾರ ಬೇರೆ ಊರಿಗೆ ಹೋಗಿದ್ದಳು. ಬಂದು ನೋಡಿದರೆ ಸೈಕಲ್ಲು ಫಳಫಳ. ಚೈನಿಗೆ ಎಣ್ಣೆ, ಕಡ್ಡಿಗಳಿಗೆ ಹೊಳಪು. "ಸರ್ವಿಸ್ ಮಾಡಿಟ್ಟಿದೀನಿ ನೋಡು" ಎಂದಿದ್ದ ಅಣ್ಣ. ಅಂತೂ ಒಪ್ಪಿಕೊಂಡನಲ್ಲ ಎಂದು ಅವಳಿಗೆ ಕಣ್ಣು ತುಂಬಿ ಬಂದಿತ್ತು. ಅವನಿಗೆ ಥ್ಯಾಂಕ್ಸ್ ಹೇಳಿದ್ದಳು!

ಆ ಥ್ಯಾಂಕ್ಸ್ ನೆನಪಾದದ್ದೇ ಪಿತ್ತ ನೆತ್ತಿಗೇರಿತು. ಸೀಟಿಲ್ಲದ ಫ್ರೇಮನ್ನು ಚಕ್ರಗಳ ಸಮೇತ ಹೆಗಲಿಗೇರಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ನಡೆದೇ ವರ್ಕ್‌ಶಾಪಿಗೆ ಹೋದಳು.

ಅಣ್ಣ ಒಂದು ಮೋಟರಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ಮೊನೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಂತಿದ್ದ. ಬೇರಿಂಗ್ ಕೆಟ್ಟಿದೆಯೋ ಇಲ್ಲವೋ ಎಂದು ಅವನು ಹೀಗೆ ಕೇಳಿಯೇ ಹೇಳುವವನು. ಅವನ ಕಿವಿ ತಪ್ಪುವುದಿಲ್ಲ ಎಂದು ವರ್ಕ್‌ಶಾಪಿನಲ್ಲೆಲ್ಲ ಹೆಸರು. ಅವಳು ಫ್ರೇಮನ್ನು ಅವನ ಬೆಂಚಿನ ಮೇಲೆ ಇಟ್ಟಳು. ಇಟ್ಟ ಸದ್ದಿಗೇ ಲೇಥಿನವನು ಯಂತ್ರ ನಿಲ್ಲಿಸಿದ.

"ಇದೇನು?" ಎಂದು ಬಿರುಕಿನ ಪಕ್ಕ ಬೆರಳಿಟ್ಟಳು.

ಅಣ್ಣ ನೋಡಿದ. ಬಿರುಕು ನೋಡಿದ ಮೇಲೆ ಅವಳನ್ನು ನೋಡಲಿಲ್ಲ. "ಅಯ್ಯೋ, ಅದಾ? ಒಳಗೆಲ್ಲ ಒಣಗಿ ಗರಗರ ಅಂತಿತ್ತು ಕಣೇ, ಮರಳು ಬೇರೆ. ಒರೆಸಿ, ಒಂಚೂರು ಗ್ರೀಸ್ ಕೊಟ್ಟೆ. ಆಮೇಲೆ ಕೂತು ನೋಡಿದ್ರೆ ಸೀಟು ಇಳಿದು ಇಳಿದು ಹೋಗ್ತಿತ್ತು. ಬಿಗಿ ಮಾಡಿದೆ."

"ಎಷ್ಟು?"

"ನಿಲ್ಲೋವಷ್ಟು."

"ಅಲ್ಲಿ ಎಷ್ಟು ಅಂತ ಬರೆದಿದೆ, ಓದಿದ್ಯಾ? ಕ್ಲ್ಯಾಂಪಿನ ಮೇಲೇ ಬರೆದಿದೆ."

"ಬೋಲ್ಟಿನ ಮೇಲೆ ಬರೆದದ್ದನ್ನ ಯಾರೇ ಓದ್ತಾರೆ? ಟಪ್ ಅಂತು, ಬಿಟ್ಟೆ. ಗೆರೆ ಬಿತ್ತು. ಎರಡು ದಿನ ನೋಡಿದೆ, ತುಕ್ಕು ಇಳೀಲಿಲ್ಲ. ನಿಜವಾದ ಬಿರುಕಾಗಿದ್ರೆ ತುಕ್ಕು ಬರ್ಬೇಕಿತ್ತಲ್ವಾ? ಮೇಲಿನ ಬಣ್ಣ ಒಡೆದಿದೆ ಅಂದ್ಕೊಂಡೆ."

"ಇದು ಕಬ್ಬಿಣ ಅಲ್ಲ! ಒಂಬತ್ತು ವರ್ಷದಿಂದ ನೀನೇ ಬಕೆಟ್ ಬಕೆಟ್ ಅಂತ ಆಡ್ಕೊಂಡು ಈಗ ಬಕೆಟ್ಟಿಗೆ ತುಕ್ಕು ಬರ್ಬೇಕಾ?"

ಲೇಥಿನವನು ಆಚೆ ಮುಖ ತಿರುಗಿಸಿ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

"ಮೆಲ್ಲಗೆ ಮಾತಾಡು. ಮೇಲಿನ ಬಣ್ಣ ಅಂತ ಹೇಳಿದೆನಲ್ಲ."

"ಬಣ್ಣ ಅಂದ್ಕೊಂಡಿದ್ರೆ, ನನಗೆ ಹೇಳದೆ ಅದರ ಮೇಲೆ ಬಣ್ಣ ಯಾಕೆ ಬಳಿದೆ?"

ಅಣ್ಣ ಸ್ಕ್ರೂಡ್ರೈವರನ್ನು ಬೆಂಚಿನ ಮೇಲಿಟ್ಟ. ವರ್ಕ್‌ಶಾಪಿನಲ್ಲಿ ಓಡುತ್ತಿದ್ದದ್ದು ಆ ಮೋಟರೊಂದೇ. ಅವಳು ಕೈ ಚಾಚಿ ಅದರ ಸ್ವಿಚ್ಚನ್ನೂ ಆರಿಸಿದಳು. ಜೇಬಿನಿಂದ ನಾಣ್ಯವೊಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು.

"ತಟ್ಟು. ಮೇಲಿಂದ ತಟ್ಟಿಕೊಂಡು ಬಾ. ನೀನೇ ಕೇಳು."

ಅವನು ಮುಂಭಾಗದಿಂದ ನಾಣ್ಯದ ಅಂಚಿನಲ್ಲಿ ತಟ್ಟುತ್ತ ಬಂದ. ಟಣ್ ಟಣ್ ಟಣ್. ಖಾಲಿ ಗಡಿಗೆ ಬಾರಿಸಿದಂಥ, ಜೀವ ಇರುವ ಸದ್ದು. ಸೀಟಿನ ಹತ್ತಿರ ಬಂದ. ಟಣ್, ಟಣ್, ದಬ್. ಕೈ ನಿಂತಿತು. ಮತ್ತೆ ತಟ್ಟಿದ. ದಬ್. ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ಕಿವಿ ಹತ್ತಿರ ತಂದು, ಬೆರಳಗಲ ಆಚೆ, ಬೆರಳಗಲ ಈಚೆ ತಟ್ಟಿದ. ಕಣ್ಣು ತೆರೆದಾಗ ಅವನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

"ಒಳಗೆ ಪದರ ಬಿಟ್ಟುಕೊಂಡಿದೆ" ಎಂದ.

"ಇದರ ಮೇಲೆ ಕೂತು ದಿನಾ ಆ ಮೆಟ್ಟಿಲು ಇಳಿದಿದೀನಿ. ಎರಡು ತಿಂಗಳು. ದಿನಾ ಬೆಳಿಗ್ಗೆ ನಾನು ಹೊರಡೋವಾಗ ನೀನು ಬಾಗಿಲಲ್ಲಿ ಕೂತು ಹಲ್ಲುಜ್ಜುತ್ತಿದ್ದೆ."

ಅದಕ್ಕಿಂತ ಹೆಚ್ಚು ಹೇಳಿದರೆ ಅಳು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿದ್ದವರ ಮುಂದೆ ಅಳುವುದು ಅವಳಿಗೆ ಬೇಕಿರಲಿಲ್ಲ. ಫ್ರೇಮನ್ನು ಮತ್ತೆ ಹೆಗಲಿಗೇರಿಸಿಕೊಂಡಳು. "ಕೊಡು, ನಾನು ಹೊರ್ತೀನಿ" ಎಂದು ಅಣ್ಣ ಕೈ ಚಾಚಿದ.

"ಮುಟ್ಟಿದ್ರೆ ನೋಡು."

ಕೆರೆಯಂಚಿನ ಶೆಡ್ಡಿನಲ್ಲಿ ಓಟದ ದೋಣಿಗಳನ್ನು ರಿಪೇರಿ ಮಾಡುವ ಮುದುಕನೊಬ್ಬನಿದ್ದ. ಆ ದೋಣಿಗಳೂ ಕಾರ್ಬನ್ನಿನವೇ. ಅವನು ಬಿರುಕಿನ ಸುತ್ತ ಕೆರೆದು, ಬೆಳಕಿಗೆ ಹಿಡಿದು ನೋಡಿ, "ಬಟ್ಟೆ ಸುತ್ತಿ ಅಂಟು ಹಾಕ್ತೀನಿ. ತೂಕ ಒಂಚೂರು ಹೆಚ್ಚಾಗತ್ತೆ. ಹತ್ತು ದಿನ ಬಿಟ್ಟು ಬನ್ನಿ" ಎಂದ. ಗಟ್ಟಿ ನಿಲ್ಲುತ್ತದೆಯೇ ಎಂದು ಅವಳು ಕೇಳಿದಳು. "ನನ್ನ ಕೆಲಸ ನಿಲ್ಲತ್ತಮ್ಮ. ಮತ್ತೆ ಯಾರಾದ್ರೂ ಪ್ರೀತಿ ಹೆಚ್ಚಾಗಿ ಬಿಗಿ ಮಾಡಿದ್ರೆ ನಾನು ಹೊಣೆ ಅಲ್ಲ" ಎಂದ. ಅವಳು ಅವನಿಗೆ ಏನೂ ಹೇಳಿರಲಿಲ್ಲ. ಕ್ಲ್ಯಾಂಪಿನ ಗುರುತು ನೋಡಿದರೇ ಗೊತ್ತಾಗುತ್ತದಂತೆ.

ಹತ್ತು ದಿನ ಎಂದರೆ ಹತ್ತು ಬೆಳಗು. ನಡೆದು, ಓಡಿ ಇಳಿದರೂ ಬುಡಕ್ಕೆ ಅರ್ಧ ಗಂಟೆ. ಮೊದಲ ದಿನವೇ ದಿಬ್ಬದ ಮನೆಗಳಿಂದ ಫೋನುಗಳು ಬಂದವು, ಸಂಜೆಗೆ ಮೇಲಧಿಕಾರಿ ಕೌಂಟರಿನ ಮಾತೆತ್ತಿದರು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಿದ್ದಾಗ ಅಣ್ಣ ಬಂದು ಎರಡು ಮೆಟ್ಟಿಲು ಕೆಳಗೆ ನಿಂತ. ಅತ್ತಿಗೆ ಒಳಗಿಂದ ಬಾಗಿಲು ಸರಿಸಿ ನೋಡುತ್ತಿದ್ದದ್ದು ಇಬ್ಬರಿಗೂ ಕಾಣುತ್ತಿತ್ತು.

"ಕೆಳಗಿನ ವಾಲ್ವ್ ನಾನು ತಿರುಗಿಸ್ಲಾ? ಸೈಕಲ್ ಬರೋವರೆಗೆ?"

ಅವಳ ನಲವತ್ತೊಂದು ವರ್ಷದಲ್ಲಿ ಅವನು ಅವಳನ್ನು ಕೇಳಿ ಮಾಡಿದ ಮೊದಲ ಕೆಲಸ ಅದು. ಅವಳ ಮಿಕ್ಸಿ, ಅವಳ ಬೀಗ, ಅವಳ ಕಿಟಕಿಯ ಕೊಂಡಿ, ಎಲ್ಲವನ್ನೂ ಅವಳಿಲ್ಲದಾಗ ಬಿಚ್ಚಿ ಹಾಕಿದವನು. ಕೋಪ ಇಳಿದಿರಲಿಲ್ಲ. ಆದರೆ ದಿಬ್ಬದವರ ನೀರು ಅವಳ ಕೋಪಕ್ಕೆ ಕಾಯುವುದಿಲ್ಲ.

"ಆರೂ ಇಪ್ಪತ್ತಕ್ಕೆ. ಹದಿನಾಲ್ಕು ಸುತ್ತು. ಹದಿನೈದಲ್ಲ."

"ಕೈಗೆ ಬಿಗಿ ಬರೋವರೆಗೆ ಅಲ್ವಾ?"

"ಹದಿನಾಲ್ಕು!"

"ಹದಿನಾಲ್ಕು" ಎಂದ ಅಣ್ಣ.

ಒಂಬತ್ತು ದಿನ ಹದಿನಾಲ್ಕೇ ಸುತ್ತಿದ. ಅವಳು ಇಳಿದು ಬಂದ ಮೇಲೆ ದಿನವೂ ಸುತ್ತು ಎಣಿಸಿ ಪರೀಕ್ಷಿಸಿದಳು, ಅವನ ಕಣ್ಣೆದುರಿಗೇ.

ಹತ್ತನೆಯ ದಿನ ಸಂಜೆ ಫ್ರೇಮು ಬಂತು. ಬಿರುಕಿದ್ದ ಕಡೆ ಈಗ ಮುರಿದ ಕೈಗೆ ಸುತ್ತಿದ ಪಟ್ಟಿಯಂಥ ದಪ್ಪ. ನಾಣ್ಯ ತಟ್ಟಿದಳು, ಟಣ್ ಅಂತು. ಗ್ರೀಸನ್ನೆಲ್ಲ ತೊಳೆದು, ಪೇಸ್ಟು ಹಚ್ಚಿ, ಸೀಟು ಇಳಿಸಿ, ಸ್ಪ್ಯಾನರ್ ಹಿಡಿದು ಬಿಗಿ ಮಾಡಿದಳು. ಕ್ಲಿಕ್. ಒಳಮನೆಯಲ್ಲಿ ಊಟ ಮಾಡುತ್ತಿದ್ದ ಅಣ್ಣನಿಗೂ ಅದು ಕೇಳಿಸಿರಬೇಕು.

ಮರುದಿನ ಟ್ಯಾಂಕಿನ ಬಳಿ ವಾಲ್ವ್ ತೆರೆದು, ಸೈಕಲ್ ಏರಿ, ದಾರಿಯ ತಲೆಯಲ್ಲಿ ಒಂದು ನಿಮಿಷ ನಿಂತಳು. ಒಂಬತ್ತು ವರ್ಷದಲ್ಲಿ ಅಲ್ಲಿ ಅವಳು ಒಮ್ಮೆಯೂ ನಿಂತವಳಲ್ಲ. ಹೆದರಿಕೆ ಇತ್ತು, ಹೆದರಿಕೆ ತಂದಿಟ್ಟವನ ಮೇಲೆ ಸಿಟ್ಟೂ ಇತ್ತು, ಸಿಟ್ಟೇ ಗೆದ್ದಿತು. ಬ್ರೇಕು ಬಿಟ್ಟಳು. ಮೊದಲ ಬಂಡೆ. ಬೇರುಗಳು. ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಕಿವಿ ಪೂರ್ತಿ ಸೀಟಿನ ಕೆಳಗೇ ಇತ್ತು.

ಅಣ್ಣ ಬುಡದಲ್ಲಿ ವಾಲ್ವ್ ಗುಂಡಿಯ ಪಕ್ಕ ನಿಂತಿದ್ದ. ವಾಲ್ವ್ ಮುಟ್ಟಿರಲಿಲ್ಲ. ಅವಳು ಕೊನೆಯ ತಿರುವಿನಲ್ಲಿ ಕಾಣಿಸಿದ್ದೇ ಕೂಗಿದ, "ಸದ್ದಿದೆಯಾ?"

"ಇಲ್ಲ!" ಎಂದು ಅವಳು ಬೈದ ಹಾಗೆ ಕೂಗಿದಳು.

ಸೈಕಲ್ಲನ್ನು ಗೋಡೆಗೆ ಒರಗಿಸಿ, ಗುಂಡಿಗೆ ಬಗ್ಗಿ ಗಟ್ಟಿಯಾಗಿ ಎಣಿಸುತ್ತ ಹದಿನಾಲ್ಕು ಸುತ್ತು ತಿರುಗಿಸಿದಳು. ಎದ್ದು ನೋಡಿದರೆ ಅಣ್ಣನ ಕೈ ಸೀಟಿನ ಕ್ಲ್ಯಾಂಪಿನ ಕಡೆ ಹೋಗುತ್ತಿತ್ತು, ಬಿಗಿ ಇದೆಯೋ ನೋಡಲು. ಅವಳ ಕಣ್ಣು ಕಂಡು ಆ ಕೈ ಗಾಳಿಯಲ್ಲೇ ನಿಂತಿತು.

"ಮುಟ್ಲಾ?"

"ಬೇಡ."

ಅವನು ಕೈಯನ್ನು ಜೇಬಿಗೆ ಹಾಕಿಕೊಂಡ. ಕಾಲ ಕೆಳಗಿನ ಪೈಪಿನಲ್ಲಿ ನೀರು ಗುಡುಗುಡು ಎನ್ನುತ್ತ ದಿಬ್ಬದ ಕಡೆ ಹೊರಟಿತು.