ರಾಟೆ ತಿರುಗಿಸಿದವಳಿಗೆ ಎಂಟು ಅಂಕ

ಎಂಬತ್ತರ ದಶಕದ ಶುರುವಿನಲ್ಲಿ ನಾನು ತುಮಕೂರಿನಿಂದ ದಿನಾ ಬಸ್ಸು ಹತ್ತಿ ಗುಬ್ಬಿ ಕಡೆಯ ಒಂದು ಹೈಸ್ಕೂಲಿಗೆ ಪಾಠ ಮಾಡಲು ಹೋಗುತ್ತಿದ್ದೆ. ನ್ಯಾಯ ಅಂದರೆ ನಾನೇ ಅನ್ನುವಷ್ಟು ಜಂಬ ಆಗ. ಮಕ್ಕಳು ಗುಂಪಾಗಿ ಮಾಡಿದ ಕೆಲಸಕ್ಕೆ ಉಳಿದ ಮೇಷ್ಟ್ರುಗಳು ಎಲ್ಲರಿಗೂ ಒಂದೇ ಅಂಕ ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ನನಗೆ ಅದು ಬರೀ ಸೋಮಾರಿತನ ಅನಿಸುತ್ತಿತ್ತು. ಯಾರು ಎಷ್ಟು ದುಡಿದರೋ ಅವರಿಗೆ ಅಷ್ಟೇ ಅಂಕ ಅಂತ ಕ್ಲಾಸಿನಲ್ಲಿ ಸಾರಿಬಿಟ್ಟೆ.

ಆ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ತೆಂಗಿನ ನಾರಿನಿಂದ ಹಗ್ಗ ಮಾಡುವ ಕೆಲಸ. ಮೂವರಿಗೆ ಒಂದು ಗುಂಪು. ಇಬ್ಬರು ಸೊಂಟಕ್ಕೆ ನಾರು ಕಟ್ಟಿಕೊಂಡು, ಬೆರಳಲ್ಲಿ ಅದನ್ನು ಒಂದೊಂದೇ ಎಳೆಯಾಗಿ ಬಿಡುತ್ತಾ ಹಿಂದಕ್ಕೆ ನಡೆಯಬೇಕು. ಇನ್ನೊಬ್ಬಳು ಕೂತು, ಆ ಎಳೆಗಳ ತುದಿ ಸಿಕ್ಕಿಸಿದ ರಾಟೆ ತಿರುಗಿಸಿ ಹುರಿ ಹಾಕಬೇಕು. ನಾನು ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಂಡೆ. ಒಂದು ಗುಂಪಿನಲ್ಲಿ ನಡೆದವರಿಬ್ಬರೂ ಬೆವತು ಹೋಗಿದ್ದರು, ಕೂತವಳು ಆರಾಮಾಗಿದ್ದಳು. ನಡೆದವರಿಗೆ ಇಪ್ಪತ್ತೈದಕ್ಕೆ ಇಪ್ಪತ್ತು ಹಾಕಿದೆ, ಕೂತವಳಿಗೆ ಎಂಟು.

ಮೂರನೇ ದಿನ ಆ ಹುಡುಗಿಯ ತಾಯಿ ಸ್ಕೂಲಿಗೆ ಬಂದರು. ಹಗ್ಗ ಮಾಡಿಯೇ ಸಂಸಾರ ಸಾಗಿಸುವ ಮನೆ ಅವರದು.

“ಲೆಕ್ಕದಲ್ಲಿ ಕಮ್ಮಿ ಬಂದ್ರೆ ಸುಮ್ಕಿರ್ತೀನಿ ಮಿಸ್ಸಮ್ಮ. ಹಗ್ಗದಲ್ಲೂ ಕಮ್ಮೀನಾ? ನಂಗೆ ಇಸ್ಕೂಲು ಬ್ಯಾಡ ಬುಡು ಅಂತ ಮನೇಲಿ ಕೂತವ್ಳೆ.”

“ಅವಳು ಬರೀ ರಾಟೆ ತಿರುಗ್ಸಿದ್ದು ಕಣಮ್ಮ,” ಅಂದೆ.

“ಹಂಗಾರೆ ನೀವೊಂದ್ಸಲ ತಿರುಗ್ಸಿ ನೋಡಿ.”

ಅದೇನು ಮಹಾ ಅಂತ ಹೋಗಿ ಕೂತೆ. ಆಕೆ ನಾರು ಹಿಡಿದರು. ಜೋರಾಗಿ ತಿರುಗಿಸಿದೆ, ಎಳೆ ಸುರುಳಿ ಸುತ್ತಿಕೊಂಡು ಗಂಟಾಯಿತು. ನಿಧಾನ ಮಾಡಿದೆ, ನಾರು ಬಿಚ್ಚಿಕೊಂಡು ಕಳಚಿ ಬಿತ್ತು. ನಡೆಯುವವರ ಹೆಜ್ಜೆಯನ್ನೂ ಬೆರಳನ್ನೂ ನೋಡುತ್ತಾ ಹದವಾಗಿ ತಿರುಗಿಸಬೇಕಾದ ಕೆಲಸ ಅದು. ಗುಂಪಿನಲ್ಲಿ ಅದು ಬರುತ್ತಿದ್ದದ್ದು ಅವಳೊಬ್ಬಳಿಗೇ, ಅದಕ್ಕೇ ಅಲ್ಲಿ ಕೂತಿದ್ದಳು. ನನಗೆ ತುಂಬಾ ನಾಚಿಕೆಯಾಯಿತು. ಒಂದು ಹುಡುಗಿಯ ಓದು ನನ್ನ ಜಂಬಕ್ಕೆ ನಿಂತುಹೋಗುತ್ತಲ್ಲ ಅಂತ ಭಯವೂ ಆಯಿತು. ನಾಳೆ ಅವಳನ್ನು ಹೇಗಾದರೂ ಕಳಿಸಿ ಅಂತ ಕೇಳಿಕೊಂಡೆ.

ಮರುದಿನ ಬಂದಳು. ತಪ್ಪು ನನ್ನದು ಅಂತ ಇಡೀ ಕ್ಲಾಸಿನ ಮುಂದೆ ಒಪ್ಪಿಕೊಂಡೆ. ಆ ಮೂವರೂ ಮಾಡಿದ ಹಗ್ಗವನ್ನು ಅವಳ ಕೈಗೇ ಕೊಟ್ಟು, ಯಾರಿಗೆಷ್ಟು ಹಾಕಲಿ, ನೀನೇ ಹೇಳು ಅಂದೆ. ಇಪ್ಪತ್ತೈದಕ್ಕೆ ಇಪ್ಪತ್ತೈದು ಕೇಳಿದರೂ ಕೊಟ್ಟುಬಿಡೋಣ ಅಂತಿದ್ದೆ.

ಅವಳು ಕಣ್ಣು ಮುಚ್ಚಿ ಹಗ್ಗದುದ್ದಕ್ಕೂ ಬೆರಳಾಡಿಸಿದಳು.

“ಇಲ್ಲಿ ಇವ್ಳು ನಾರು ಜಾಸ್ತಿ ಬುಟ್ಟವ್ಳೆ, ದಪ್ಪ ಬಂದದೆ. ಈ ಎಳೇಲಿ ಅವ್ಳು ಕಮ್ಮಿ ಬುಟ್ಟವ್ಳೆ. ಇಲ್ಲಿ ಗಂಟಾಗಿರೋದು ನಂದು, ಜಾಸ್ತಿ ತಿರುಗ್ಸ್‌ಬುಟ್ಟೆ. ಅವ್ರಿಬ್ರಿಗೂ ಹದ್ನೆಂಟು, ನಂಗೆ ಹದ್ನೇಳು ಹಾಕಿ ಮಿಸ್.”

ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಇಷ್ಟೆಲ್ಲ ಹೇಗೆ ಗೊತ್ತಾಯಿತೇ ನಿನಗೆ ಅಂತ ಕೇಳಿದೆ.

“ಮುಟ್ಟಿದ್ರೆ ಗೊತ್ತಾಯ್ತದೆ ಮಿಸ್. ನೀವು ಅವತ್ತು ಹಗ್ಗ ಮುಟ್ಟೇ ಇಲ್ವಲ್ಲ,” ಅಂದಳು.

ಅವಳ ದನಿಯಲ್ಲಿ ಒಂದಿಷ್ಟೂ ಕೋಪವಿರಲಿಲ್ಲ.