ಸರಾಸರಿ ಸಂಬಳದ ಸಂಜೆ

ಓಹಿಯೋದ ಆ ಖಾಸಗಿ ಕಾಲೇಜು, ಭಾಷಾವಿಜ್ಞಾನಕ್ಕೆ ಸೇರಲು ಬಂದವರಿಗೆ ಧೈರ್ಯ ತುಂಬಲೆಂದು ಹಳೆಯ ವಿದ್ಯಾರ್ಥಿನಿ ಮಾರ್ಲಿಸ್‌ಳನ್ನು ಕರೆಸಿತ್ತು. ಆಯ್ಕೆ ಸ್ವಲ್ಪ ಎಡವಟ್ಟಾಗಿತ್ತು. ದಂತವೈದ್ಯರೊಬ್ಬರ ಬಳಿ ಫೋನೆತ್ತುವ ಆಕೆ ಹದಿನೆಂಟು ವರ್ಷಗಳಿಂದ ಓದಿನ ಸಾಲ ಕಟ್ಟುತ್ತಲೇ ಇದ್ದಳು. ಅಸಲು ಮಾತ್ರ ಅಲುಗಾಡಿರಲಿಲ್ಲ.

ಪ್ರವೇಶಾಧಿಕಾರಿ ಪರದೆಯ ಮೇಲೆ ಆ ವಿಭಾಗದ ಪದವೀಧರರ ಸರಾಸರಿ ವಾರ್ಷಿಕ ಸಂಬಳ ತೋರಿಸಿದ: ಎಪ್ಪತ್ತು ಸಾವಿರ ಡಾಲರು. ಮುಂದಿನ ಸಾಲಿನಲ್ಲಿದ್ದ ಬಸ್ ಚಾಲಕಿ ರೋಂಡಾ, ಮಗಳ ಸಾಲಕ್ಕೆ ಜಾಮೀನು ಸಹಿ ಹಾಕಲು ಪೆನ್ನು ತೆಗೆದಳು.

ಮಾರ್ಲಿಸ್‌ಗೆ ಪಿತ್ತ ನೆತ್ತಿಗೇರಿತು. “ಕಂಪನಿ ಮಾರಿ ಕೋಟ್ಯಧೀಶನಾದ ನಮ್ಮ ಬ್ಯಾಚಿನ ಡ್ವೇನ್‌ನನ್ನೂ ಇದ್ರಲ್ಲಿ ಸೇರಿಸಿದೀರಲ್ಲ ಸಾರ್? ಅವನನ್ನ ತೆಗೆದು ಲೆಕ್ಕ ಹಾಕಿ ನೋಡಿ. ಬರ್ಗರ್ ಹುರಿಯೋನಿಗೂ ನನಗಿಂತ ಜಾಸ್ತಿ ಬರುತ್ತೆ.”

“ಹಾಗಾದ್ರೆ ಈ ಓದೇ ದಂಡವಾ ಅಕ್ಕಾ?” ಎಂದಳು ರೋಂಡಾ.

ಮಾರ್ಲಿಸ್‌ಗೆ ಇನ್ನಷ್ಟು ಸಿಟ್ಟು ಬಂತು. “ಓದನ್ನ ಯಾಕ್ರೀ ಬೈತೀರಿ? ಜೀವನದಲ್ಲಿ ನನಗೆ ಖುಷಿ ಕೊಟ್ಟಿದ್ದು ಅದೊಂದೇ. ಇಬ್ಬರು ಗಂಡಂದಿರನ್ನೂ ಲೆಕ್ಕಕ್ಕೆ ತಗೊಂಡೇ ಹೇಳ್ತಿದೀನಿ. ಬೈಯೋದಿದ್ರೆ ಇವರ ಫೀಸನ್ನ ಬೈಯಿರಿ. ಇದೇ ಪಾಠ ಸರ್ಕಾರಿ ಕಾಲೇಜಲ್ಲಿ ಅರ್ಧಕ್ಕಿಂತ ಕಮ್ಮಿಗೆ ಸಿಗುತ್ತೆ.”

ರೋಂಡಾ ಪೆನ್ನನ್ನು ಚೀಲಕ್ಕೆ ಹಾಕಿ, ಮಗಳನ್ನು ಎಬ್ಬಿಸಿಕೊಂಡು ಹೊರಟಳು.

ಅಧಿಕಾರಿ ಹಲ್ಲು ಕಚ್ಚಿ ಹೇಳಿದ: “ಮೇಡಂ, ನಿಮಗೆ ಕೊಟ್ಟ ಊಟದ ಕೂಪನ್ ವಾಪಸ್ ಕೊಡಿ.”

“ತಿಂದಾಯ್ತು,” ಎಂದಳು ಮಾರ್ಲಿಸ್, “ಅದನ್ನೂ ಸಾಲಕ್ಕೆ ಸೇರಿಸ್ಕೊಳ್ಳಿ.”